ಆ ಟಕಟಕ ಎಲ್ಲಿಂದ ಬರುತ್ತಿದೆ? ಏರ್‌ಗನ್‌ಗೆ ಬದಲಿ ಕಟ್ಟಲು ಹೊರಟ ಕಥೆ

ಫೆಬ್ರವರಿಯ ಒಂದು ಮಧ್ಯಾಹ್ನ. ನಾರ್ವೆಯ ಬರ್ಗನ್ ಊರಿನ ದಕ್ಷಿಣಕ್ಕೆ ಒಂದು ಫ್ಯೋರ್ಡಿನಲ್ಲಿ, ಬಾರ್ಜ್ ಮೇಲಿನ ಪುಟ್ಟ ಕಬ್ಬಿಣದ ಕೋಣೆಯಲ್ಲಿ ಕೂತಿದ್ದೆ. ಫ್ಯೋರ್ಡ್ ಅಂದರೆ ಬೆಟ್ಟಗಳ ನಡುವೆ ಒಳಗೆ ನುಗ್ಗಿದ ಸಮುದ್ರ. ನೋಡೋಕೆ ಶರಾವತಿ ಹಿನ್ನೀರಿನ ಹಾಗೇ ಇರುತ್ತದೆ. ಆದರೆ ನೀರು ಉಪ್ಪು, ಆಳ ನೂರಾರು ಮೀಟರ್. ನಮ್ಮ ಕಾಲ ಕೆಳಗೆ, 20 ಮೀಟರ್ ಆಳದಲ್ಲಿ, ಎರಡು ವರ್ಷದಿಂದ ಕಟ್ಟಿದ, ಸಮುದ್ರದ ತಳದ ಕೆಳಗೆ ನೋಡಲು ಸದ್ದು ಕಳಿಸುವ ಯಂತ್ರ ಸರಪಳಿಗೆ ನೇತಾಡುತ್ತಿತ್ತು. ಸೆಕೆಂಡಿಗೆ ಆರು ಸಲ ನೀರನ್ನು ತಳ್ಳಿ, ಎಳೆದು, ಮತ್ತೆ ತಳ್ಳುತ್ತಿತ್ತು. ಪರದೆಯ ಮೇಲೆ 6 ಹರ್ಟ್ಸ್ ಹತ್ತಿರ ಒಂದು ಚಂದದ ಶಿಖರ ಎದ್ದಿತ್ತು. ಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಸಲ ಅನ್ನುವ ಲೆಕ್ಕ. ಎಲ್ಲರ ಮುಖದಲ್ಲೂ ಸಮಾಧಾನ.

ಹೈಡ್ರೋಫೋನ್, ಅಂದರೆ ನೀರೊಳಗಿನ ಮೈಕ್, ಅದರ ತಂತಿಯನ್ನು ನಾನು ಸುಮ್ನೆ ಹೆಡ್‌ಫೋನಿಗೆ ಸಿಕ್ಕಿಸಿ ಕೇಳಿದೆ.

ಟಕಟಕಟಕಟಕ.

ನಮಗೆ ಬೇಕಾಗಿದ್ದ ಸದ್ದು 6 ಹರ್ಟ್ಸ್‌ನದು. ಮನುಷ್ಯನ ಕಿವಿಗೆ ಸುಮಾರು 20 ಹರ್ಟ್ಸ್‌ಗಿಂತ ಕೆಳಗಿನದು ಕೇಳಿಸುವುದಿಲ್ಲ. ಅಂದಮೇಲೆ ನನ್ನ ಕಿವಿಗೆ ಬಿದ್ದಿದ್ದಿಷ್ಟೂ ಅಲ್ಲಿ ಇರಲೇಬಾರದ ಸದ್ದು. ಹೊಟ್ಟೆಯಲ್ಲಿ ಏನೋ ಕುಸಿದ ಹಾಗಾಯಿತು. ಆ ಟಕಟಕವನ್ನು ಹುಡುಕಿ ತೆಗೆಯಲು ಆಮೇಲೆ ಐದು ತಿಂಗಳು ಹಿಡಿಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಆದರೆ ಅದಕ್ಕೆ ಮೊದಲು, ಈ ಯಂತ್ರ ಯಾಕೆ ಬೇಕು ಅನ್ನುವುದನ್ನು ಹೇಳಬೇಕು.

ಸಮುದ್ರದ ತಳದ ಕೆಳಗೆ ಎಣ್ಣೆ ಇದೆಯಾ, ಇನ್ನೇನಿದೆ ಅಂತ ನೋಡಲು ಇರುವ ಮುಖ್ಯ ದಾರಿ ಸದ್ದು. ಮೇಲಿಂದ ಸದ್ದು ಮಾಡುತ್ತಾರೆ. ಅದು ನೀರು ದಾಟಿ, ಮಣ್ಣು ದಾಟಿ, ಕಲ್ಲಿನ ಪದರಗಳಿಗೆ ಬಡಿದು ವಾಪಸ್ ಬರುತ್ತದೆ. ಹಡಗಿನ ಹಿಂದೆ ಕಿಲೋಮೀಟರ್‌ಗಟ್ಟಲೆ ಉದ್ದದ ಕೇಬಲ್ ಎಳೆಯುತ್ತಿರುತ್ತಾರೆ, ಅದರ ತುಂಬ ಹೈಡ್ರೋಫೋನ್‌ಗಳು. ವಾಪಸ್ ಬಂದ ಸದ್ದನ್ನು ಅವು ಹಿಡಿಯುತ್ತವೆ. ಯಾವ ಪದರದಿಂದ ಎಷ್ಟು ಹೊತ್ತಿಗೆ ಬಂತು ಅನ್ನುವ ಲೆಕ್ಕದಿಂದ ನೆಲದೊಳಗಿನ ಚಿತ್ರ ಸಿಗುತ್ತದೆ.

ಮೊದಮೊದಲು ಇದಕ್ಕೆ ಡೈನಮೈಟ್ ಸಿಡಿಸುತ್ತಿದ್ದರು. ಸತ್ತ ಮೀನು ತೇಲುತ್ತಿತ್ತು. 1960ರ ದಶಕದಲ್ಲಿ ಅಮೆರಿಕದ ಸ್ಟೀಫನ್ ಚೆಲ್ಮಿನ್ಸ್ಕಿ ಮಾಡಿದ ಏರ್‌ಗನ್ ಬಂತು. ಅದರಲ್ಲಿ ಗಾಳಿಯನ್ನು 2000 ಪಿಎಸ್ಐ ಒತ್ತಡಕ್ಕೆ ತುಂಬಿ ಒಮ್ಮೆಲೇ ನೀರಿಗೆ ಬಿಡುತ್ತಾರೆ. ನಿಮ್ಮ ಕಾರಿನ ಟೈರಿಗೆ 32-33 ಪಿಎಸ್ಐ ಹಾಕಿಸುತ್ತೀರಿ ಅಲ್ವಾ, ಅದರ ಅರವತ್ತು ಪಟ್ಟು. ಡೈನಮೈಟಿಗೆ ಹೋಲಿಸಿದರೆ ಇದು ನಿಜಕ್ಕೂ ದೊಡ್ಡ ಸುಧಾರಣೆ. ಗಟ್ಟಿಮುಟ್ಟು, ಸರಳ, ರಿಪೇರಿ ಸುಲಭ. ಅದಕ್ಕೇ ಇಷ್ಟು ವರ್ಷವಾದರೂ ಅದನ್ನು ಯಾರಿಗೂ ಪೂರ್ತಿ ಪಕ್ಕಕ್ಕೆ ಸರಿಸಲು ಆಗಿಲ್ಲ. ಒಂದು ಸರ್ವೇ ಹಡಗು ಇಂಥ ಹತ್ತಿಪ್ಪತ್ತು ಗನ್‌ಗಳನ್ನು, ಕೆಲವೊಮ್ಮೆ ಮೂವತ್ತರ ಮೇಲೆ, ಒಟ್ಟಿಗೆ ಎಳೆಯುತ್ತದೆ. ಸುಮಾರು ಹತ್ತು ಸೆಕೆಂಡಿಗೊಮ್ಮೆ ಹೊಡೆಯುತ್ತದೆ. ದಿನಕ್ಕೆ ಎಂಟು ಸಾವಿರದ ಮೇಲಾಯಿತು. ಹಗಲು ರಾತ್ರಿ, ವಾರಗಟ್ಟಲೆ.

ತೊಂದರೆ ಏನೆಂದರೆ, ಭೂಗರ್ಭಶಾಸ್ತ್ರದವರಿಗೆ ಬೇಕಾಗಿರುವುದು ಹೆಚ್ಚುಕಮ್ಮಿ 5ರಿಂದ 100 ಹರ್ಟ್ಸ್ ಒಳಗಿನ ಸದ್ದು. ಅದಕ್ಕಿಂತ ಮೇಲಿನದು ಕಲ್ಲಿನಲ್ಲಿ ದೂರ ಹೋಗುವ ಮೊದಲೇ ಸತ್ತುಹೋಗುತ್ತದೆ. ಆದರೆ ಏರ್‌ಗನ್ ಒಂದು ಹೊಡೆತ. ಹೊಡೆತದಲ್ಲಿ ಎಲ್ಲ ಹರ್ಟ್ಸೂ ಇರುತ್ತದೆ. ನೂರು, ಐನೂರು, ಸಾವಿರ, ಅದಕ್ಕೂ ಮೇಲೆ. ಯಾರಿಗೂ ಬೇಡದ ಆ ಮೇಲಿನ ಭಾಗ ನೀರಿನಲ್ಲಿ ಹರಡುತ್ತದೆ. ಡಾಲ್ಫಿನ್, ಪೊರ್ಪಸ್‌ಗಳಂಥ ಹಲ್ಲಿನ ತಿಮಿಂಗಿಲಗಳ ಜಾತಿಯವು ಕೇಳುವುದೇ ಆ ಮೇಲಿನ ಭಾಗವನ್ನು.

ನಾನು ಹುಟ್ಟಿ ಬೆಳೆದದ್ದು ಉತ್ತರ ಕನ್ನಡದ ಕರಾವಳಿಯಲ್ಲಿ. ನಮ್ಮ ಮಾವ ದೋಣಿಯಲ್ಲಿ ಹೋಗುವವರು. ಬಲೆ ಬಿಟ್ಟ ಮೇಲೆ ದೋಣಿಯ ಹಲಗೆಗೆ ಕೋಲಿನಿಂದ ಬಡಿಯುತ್ತಿದ್ದರು, ಮೀನು ಹೆದರಿ ಬಲೆಯ ಕಡೆ ಓಡಲಿ ಅಂತ. ಹಾಗಾಗಿ ಸದ್ದಿಗೆ ಮೀನು ಓಡುತ್ತದೆ ಅನ್ನುವುದನ್ನು ನನಗೆ ಯಾರೂ ಪೇಪರ್ ತೋರಿಸಿ ಹೇಳಬೇಕಾಗಿರಲಿಲ್ಲ. ಆದರೆ ನಾರ್ವೆಗೆ ಬಂದ ಮೇಲೆ ಆ ಪೇಪರನ್ನೂ ಓದಿದೆ. 1992ರಲ್ಲಿ ಇಲ್ಲಿನ ವಿಜ್ಞಾನಿಗಳು ಬ್ಯಾರೆಂಟ್ಸ್ ಸಮುದ್ರದಲ್ಲಿ ಏರ್‌ಗನ್ ಹೊಡೆಸಿ, ಮೊದಲು ಮತ್ತು ಆಮೇಲೆ ಮೀನು ಹಿಡಿದು ಲೆಕ್ಕ ಹಾಕಿದರು. ಕಾಡ್ ಮತ್ತು ಹ್ಯಾಡಕ್ ಮೀನಿನ ಟ್ರಾಲ್ ಇಳುವರಿ ಸರಾಸರಿ ಅರ್ಧಕ್ಕೆ ಇಳಿದಿತ್ತು. ಹೊಡೆದ ಜಾಗದಲ್ಲೇ ನೋಡಿದರೆ ಸುಮಾರು 70 ಪರ್ಸೆಂಟ್ ಕಮ್ಮಿ. 18 ನಾಟಿಕಲ್ ಮೈಲಿ ಆಚೆಗೂ ಪರಿಣಾಮ ಕಂಡಿತು. ಹೊಡೆಯುವುದು ನಿಲ್ಲಿಸಿ ಐದು ದಿನ ಕಾದರೂ ಮೊದಲಿನ ಮಟ್ಟಕ್ಕೆ ಬರಲಿಲ್ಲ. ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದ ಹತ್ತಿರ ಮಾಡಿ 2017ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಗಾಬರಿ ಹುಟ್ಟಿಸಿತು. 150 ಘನ ಇಂಚಿನ ಒಂದೇ ಒಂದು ಗನ್ನಿನಿಂದ 1.2 ಕಿಲೋಮೀಟರ್ ದೂರದವರೆಗೂ ಪ್ಲವಕ, ಅಂದರೆ ನೀರಿನಲ್ಲಿ ತೇಲುವ ಪುಟ್ಟ ಜೀವಿಗಳು, ಸತ್ತದ್ದನ್ನು ಅಲ್ಲಿನ ವಿಜ್ಞಾನಿಗಳು ಕಂಡರು. ಎರಡು ವರ್ಷದ ನಂತರ ಪ್ರಕಟವಾದ, ನಾರ್ವೆಯಲ್ಲಿ ಬೇರೆ ಜಾತಿಯ ಪ್ಲವಕದ ಮೇಲೆ ಮಾಡಿದ ಪರೀಕ್ಷೆಯಲ್ಲಿ ಹಾನಿ ಗನ್ನಿನಿಂದ ಹತ್ತು ಮೀಟರ್ ಆಸುಪಾಸಿಗೆ ಮಾತ್ರ ಅಂತ ಬಂತು. ಎರಡನ್ನೂ ಹೇಳಲೇಬೇಕು. ಒಂದನ್ನೇ ಹಿಡಿದುಕೊಂಡು ಕೂಗಾಡುವವರು ಎರಡೂ ಕಡೆ ಇದ್ದಾರೆ. ನನ್ನ ಮಟ್ಟಿಗೆ ಮಾತು ಸರಳ. ಬೇಡದ ಸದ್ದನ್ನು ನೀರಿಗೆ ಹಾಕದೇ ಇರಲು ಸಾಧ್ಯವಾದರೆ ಹಾಕಬಾರದು.

ಹಾಗಾದರೆ ಬದಲಿ ಏನು? ನೆಲದ ಮೇಲೆ ಉತ್ತರ ಯಾವಾಗಲೋ ಸಿಕ್ಕಿದೆ. 1950ರ ದಶಕದಲ್ಲೇ ವೈಬ್ರೋಸೈಸ್ ಅಂತ ಶುರುವಾಯಿತು. ಭಾರೀ ಲಾರಿ ಒಂದು ಕಬ್ಬಿಣದ ಹಲಗೆಯನ್ನು ನೆಲಕ್ಕೆ ಒತ್ತಿ ನಡುಗಿಸುತ್ತದೆ. ಕಡಿಮೆ ಹರ್ಟ್ಸ್‌ನಿಂದ ಶುರು ಮಾಡಿ ಕೆಲವು ಸೆಕೆಂಡುಗಳಲ್ಲಿ ಹೆಚ್ಚಿನದಕ್ಕೆ ಏರುತ್ತದೆ. ಇದಕ್ಕೆ ಸ್ವೀಪ್ ಅಂತಾರೆ. ಒಂದೇ ಏಟಿಗೆ ಹಾಕುವ ಶಕ್ತಿಯನ್ನು ಉದ್ದಕ್ಕೆ ಎಳೆದು ಹಂಚಿದ ಹಾಗೆ. ವಾಪಸ್ ಬರುವ ಪ್ರತಿಧ್ವನಿ ಗದ್ದಲದಲ್ಲಿ ಮುಳುಗಿರುತ್ತದೆ ನಿಜ. ಆದರೆ ನಾವು ಕಳಿಸಿದ ಸ್ವೀಪ್ ಹೇಗಿತ್ತು ಅಂತ ನಮಗೆ ಗೊತ್ತಿದೆ. ಜಾತ್ರೆಯ ಗಲಾಟೆಯಲ್ಲೂ ನಿಮ್ಮ ಮಗು ಕೂಗಿದರೆ ಗೊತ್ತಾಗುತ್ತದೆ ಅಲ್ವಾ? ಕಂಪ್ಯೂಟರ್ ಹಾಗೆಯೇ ಗೊತ್ತಿರುವ ದನಿಯನ್ನು ಗದ್ದಲದಿಂದ ಹೆಕ್ಕಿ ತೆಗೆಯುತ್ತದೆ.

ಇದನ್ನೇ ನೀರಿಗೆ ತರಬೇಕು. ಹೇಳೋಕೆ ಇಷ್ಟೇ. ಇದಕ್ಕೆ ಕೈಹಾಕಿದವರು ನಾವೇ ಮೊದಲೇನಲ್ಲ. 1980ರ ದಶಕದಲ್ಲೇ ಹೈಡ್ರಾಲಿಕ್ ಎಣ್ಣೆಯಿಂದ ಓಡುವ ಸಮುದ್ರ ವೈಬ್ರೇಟರ್‌ಗಳು ಬಂದಿದ್ದವು. 2010ರ ದಶಕದಲ್ಲಿ ಎಕ್ಸಾನ್‌ಮೊಬಿಲ್, ಶೆಲ್, ಟೋಟಲ್ ಅನ್ನುವ ಎಣ್ಣೆ ಕಂಪನಿಗಳು ಮೂರೂ ಸೇರಿ ದುಡ್ಡು ಹಾಕಿ ಬೇರೆ ಬೇರೆ ತಂಡಗಳಿಂದ ವೈಬ್ರೇಟರ್ ಮಾಡಿಸಿದವು. ಬಿಪಿ ಕಂಪನಿ ವುಲ್ಫ್‌ಸ್ಪಾರ್ ಅನ್ನುವ, ತೀರಾ ಕಡಿಮೆ ಹರ್ಟ್ಸ್‌ಗೇ ಮೀಸಲಾದ ದೈತ್ಯವನ್ನು ಮೆಕ್ಸಿಕೋ ಕೊಲ್ಲಿಯಲ್ಲಿ ಎಳೆಯಿತು. ಇನ್ನೊಂದು ದಾರಿಯೂ ಇದೆ: ಗಾಳಿಯನ್ನೇ ಇಟ್ಟುಕೊಂಡು ಒತ್ತಡ ಇಳಿಸಿ, ಪ್ರಮಾಣ ಹೆಚ್ಚಿಸಿ, ಮೆಲ್ಲಗೆ ಬಿಡುವುದು. ಏರ್‌ಗನ್ ಮಾಡಿದ ಚೆಲ್ಮಿನ್ಸ್ಕಿಯವರೇ ಮುಂದೆ ಈ ದಾರಿಗೂ ಬಂದರು. ತಾನೇ ಮಾಡಿದ್ದನ್ನು ದಶಕಗಳ ನಂತರ ಮತ್ತೆ ತಿದ್ದಲು ಕೂತ ಆ ಮನುಷ್ಯನ ಮೇಲೆ ನನಗೆ ತುಂಬ ಗೌರವ.

ನಮ್ಮದು ಸಣ್ಣ ತಂಡ. ನಾವು ಕಟ್ಟಿದ್ದು ಕಡಿಮೆ ಹರ್ಟ್ಸ್ ಯೂನಿಟ್, 5ರಿಂದ 25ರವರೆಗೆ. ಮೇಲಿನ ಹರ್ಟ್ಸ್‌ಗೆ ಇನ್ನೊಂದು ಚಿಕ್ಕ ಯೂನಿಟ್, ಅದು ಬೇರೆಯವರ ಕೆಲಸ. ಎರಡು ಯಾಕೆ? ಸಮುದ್ರದ ಮೇಲ್ಮೈ ಸದ್ದಿಗೆ ಕನ್ನಡಿಯ ಹಾಗೆ. ಮೇಲೆ ಹೋದ ಸದ್ದು ತಲೆಕೆಳಗಾಗಿ ವಾಪಸ್ ಬಂದು ಕೆಳಗೆ ಹೋಗುವ ಸದ್ದನ್ನೇ ಕಡಿಯುತ್ತದೆ. ಯಾವ ಹರ್ಟ್ಸ್ ಕಡಿದುಹೋಗುತ್ತದೆ ಅನ್ನುವುದು ಆಳದ ಮೇಲೆ ನಿಂತಿದೆ. 25 ಮೀಟರ್ ಆಳದಲ್ಲಿಟ್ಟರೆ 30 ಹರ್ಟ್ಸ್ ಪೂರ್ತಿ ಮಾಯ. ಆದರೆ 5 ಹರ್ಟ್ಸ್‌ಗೆ ಆಳವೇ ಒಳ್ಳೆಯದು. ಹಾಗಾಗಿ ಕೆಳಗಿನ ದನಿಯದು ಆಳದಲ್ಲಿ, ಮೇಲಿನ ದನಿಯದು ಮೇಲೆ.

ನಮ್ಮ ಯಂತ್ರ ಹೀಗಿತ್ತು. ಒಂದು ದಪ್ಪ ಡ್ರಮ್ಮು. ಅದರ ಎರಡೂ ತುದಿಗೆ ಒಂದು ಮೀಟರ್ ಅಗಲದ ಪಿಸ್ಟನ್. ಒಳಗೆ ಗಾಳಿ, ನಡುವೆ ಕಾಯಿಲ್ ಮತ್ತು ಮ್ಯಾಗ್ನೆಟ್, ಸ್ಪೀಕರಿನಲ್ಲಿ ಇರುವ ಹಾಗೆಯೇ. ಎರಡೂ ಪಿಸ್ಟನ್ ಒಟ್ಟಿಗೆ ಹೊರಗೆ, ಒಟ್ಟಿಗೆ ಒಳಗೆ. ಇದರಿಂದ ಡ್ರಮ್ ಅಲುಗಾಡದೆ ಇದ್ದಲ್ಲೇ ಇರುತ್ತದೆ.

ಈಗ ಲೆಕ್ಕ ನೋಡಿ. ನಮ್ಮ ಗುರಿ ಒಂದು ಮೀಟರ್ ದೂರಕ್ಕೆ 190 ಡೆಸಿಬೆಲ್. ನೀರಿನ ಡೆಸಿಬೆಲ್ಲಿನ ಅಳತೆಗೋಲೇ ಬೇರೆ, ಅದನ್ನು ನಾವು ಗಾಳಿಯಲ್ಲಿ ಕೇಳುವ ಡೆಸಿಬೆಲ್ಲಿಗೆ ನೇರ ಹೋಲಿಸಬಾರದು. 20 ಹರ್ಟ್ಸ್‌ನಲ್ಲಿ ಇಷ್ಟು ಸದ್ದು ಬೇಕಾದರೆ ಪಿಸ್ಟನ್‌ಗಳು ಎರಡೂವರೆ ಮಿಲಿಮೀಟರ್‌ಗಿಂತ ಕಮ್ಮಿ ಸರಿದರೆ ಸಾಕು. 10 ಹರ್ಟ್ಸ್‌ಗೆ 9 ಮಿಲಿಮೀಟರ್. 5 ಹರ್ಟ್ಸ್‌ಗೆ 36 ಮಿಲಿಮೀಟರ್. ಹರ್ಟ್ಸ್ ಅರ್ಧ ಆದಾಗಲೆಲ್ಲ ಸರಿಯಬೇಕಾದ ದೂರ ನಾಲ್ಕು ಪಟ್ಟು. ಈ ನಾಲ್ಕು ಪಟ್ಟಿನ ಗೋಡೆಗೆ ಈ ಕ್ಷೇತ್ರದಲ್ಲಿ ಎಲ್ಲರೂ ತಲೆ ಚಚ್ಚಿಕೊಂಡಿದ್ದಾರೆ. 5 ಹರ್ಟ್ಸ್‌ನಲ್ಲಿ ಒಂದೊಂದು ಸಲಕ್ಕೆ 57 ಲೀಟರ್ ನೀರನ್ನು ಸರಿಸಬೇಕು. ನಾಲ್ಕು ಕೊಡ ನೀರು ಅಂದುಕೊಳ್ಳಿ. ಅದನ್ನು ಸೆಕೆಂಡಿಗೆ ಐದು ಸಲ ಹೊರಗೆ, ಐದು ಸಲ ಒಳಗೆ.

ಇಷ್ಟು ಬಲವನ್ನು ಬರೀ ಮೋಟರಿನಿಂದ ಕೊಡಲು ಹೋದರೆ ಮೋಟರು ಮನೆಯಷ್ಟಾಗುತ್ತದೆ. ಅದಕ್ಕೇ ಒಳಗಿನ ಗಾಳಿಯನ್ನು ಸ್ಪ್ರಿಂಗ್ ಹಾಗೆ ಬಳಸುತ್ತೇವೆ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ಸಣ್ಣಗೆ ತಳ್ಳಿದರೆ ಸಾಕು, ಜೋರಾಗಿ ತೂಗುತ್ತದೆ, ಹಾಗೆ. ಆದರೆ ಈ ಸ್ಪ್ರಿಂಗ್ ಆಳಕ್ಕೆ ತಕ್ಕಂತೆ ಬದಲಾಗುತ್ತದೆ. ಪ್ರತಿ ಹತ್ತು ಮೀಟರಿಗೆ ಹೊರಗಿನ ಒತ್ತಡ ಒಂದು ಬಾರ್ ಏರುತ್ತದೆ, ಒಳಗೂ ಅಷ್ಟೇ ಗಾಳಿ ತುಂಬದಿದ್ದರೆ ಪಿಸ್ಟನ್ ಒಳಕ್ಕೆ ನುಗ್ಗಿಬಿಡುತ್ತದೆ. ತುಂಬಿದರೆ ಸ್ಪ್ರಿಂಗ್ ಬಿಗಿಯಾಗುತ್ತದೆ. 20 ಮೀಟರಿನಲ್ಲಿ 6 ಹರ್ಟ್ಸ್‌ಗೆ ತೂಗುತ್ತಿದ್ದ ನಮ್ಮ ಉಯ್ಯಾಲೆ 40 ಮೀಟರಿಗೆ ಇಳಿದರೆ 8ರ ಹತ್ತಿರಕ್ಕೆ ಹೋಗುತ್ತಿತ್ತು. ಅಲೆ ಬಂದು ಯಂತ್ರ ಒಂದೆರಡು ಮೀಟರ್ ಮೇಲೆ ಕೆಳಗೆ ಆದರೂ ಅದು ಗೊತ್ತಾಗುತ್ತಿತ್ತು. ಗಾಳಿ ತುಂಬುವ, ಬಿಡುವ ವಾಲ್ವ್‌ಗಳನ್ನು ಹದಕ್ಕೆ ತರುವುದರಲ್ಲೇ ಮೊದಲ ವರ್ಷ ಮುಗಿಯಿತು.

ಇನ್ನೊಂದು ಕಷ್ಟ ಪರೀಕ್ಷೆಯದು. ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1500 ಮೀಟರ್ ಹೋಗುತ್ತದೆ. ಅಂದರೆ 5 ಹರ್ಟ್ಸ್‌ನ ಒಂದು ಅಲೆಯ ಉದ್ದ 300 ಮೀಟರ್. ನಮ್ಮ ಟ್ಯಾಂಕ್ ಹತ್ತು ಮೀಟರೂ ಇರಲಿಲ್ಲ. ಅದರಲ್ಲಿ ಇಟ್ಟು ಅಳೆದರೆ ಗೋಡೆಯನ್ನೇ ಅಳೆದ ಹಾಗೆ. ಹಾಗಾಗಿ ಟ್ಯಾಂಕಿನಲ್ಲಿ ಪಿಸ್ಟನ್ ಎಷ್ಟು ಸರಿಯಿತು ಅಂತ ಮಾತ್ರ ನೋಡುತ್ತಿದ್ದೆವು. ನಿಜವಾದ ಸದ್ದು ಗೊತ್ತಾಗಬೇಕಾದರೆ ಫ್ಯೋರ್ಡಿಗೇ ಹೋಗಬೇಕು. ಅಲ್ಲಿ ಆಳ ಇದೆ, ದೊಡ್ಡ ಅಲೆ ಇಲ್ಲ. ಎರಡೂ ಬದಿಯ ಬಂಡೆಯಿಂದ ಪ್ರತಿಧ್ವನಿ ಬರುತ್ತದೆ, ಅದಕ್ಕೇ ಹೈಡ್ರೋಫೋನನ್ನು ಯಂತ್ರದ ಹತ್ತಿರವೇ, ಕೆಲವೇ ಮೀಟರ್ ದೂರದಲ್ಲಿ ಕಟ್ಟಿದ್ದೆವು.

ಫ್ಯೋರ್ಡಿಗೆ ಹೋದ ಮೇಲೆ ಈ ಟಕಟಕ.

ಸಂಜೆ ನಾಲ್ಕೂವರೆಗೆಲ್ಲ ಬೆಳಕು ಮಂಕಾಗುತ್ತಿತ್ತು. ಮಳೆ ಬೇರೆ. ಬರ್ಗನ್ ಮಳೆಗೆ ಹೆಸರಾದ ಊರು, ಕರಾವಳಿಯವನಾದ ನನಗೆ ಮಳೆ ಹೊಸದಲ್ಲ, ಆದರೆ ಇಲ್ಲಿನದು ಕೈ ಮರಗಟ್ಟಿಸುವ ಮಳೆ. ಸ್ಪೆಕ್ಟ್ರೋಗ್ರಾಮ್ ತೆಗೆದು ನೋಡಿದೆವು. ಯಾವ ಹೊತ್ತಿನಲ್ಲಿ ಯಾವ ಹರ್ಟ್ಸ್ ಎಷ್ಟಿದೆ ಅಂತ ಬಣ್ಣದಲ್ಲಿ ತೋರಿಸುವ ಚಿತ್ರ ಅದು. ಕೆಳಗೆ ನಮ್ಮ ಸ್ವೀಪ್ ಒಂದೇ ಗೆರೆಯಾಗಿ ಮೇಲೇರುತ್ತಿತ್ತು. ಅದರ ಮೇಲೆ, ಎರಡು ಪಟ್ಟು ಹರ್ಟ್ಸ್‌ನಲ್ಲಿ, ಇನ್ನೊಂದು ಮಸುಕು ಗೆರೆ. ಇದು ನಮಗೆ ಗೊತ್ತಿದ್ದದ್ದೇ. ಒಳಗಿರುವುದು 400 ಲೀಟರ್ ಗಾಳಿ. ಅದರಲ್ಲಿ 57 ಲೀಟರ್ ಅದುಮಿದಾಗ ತಿರುಗಿ ತಳ್ಳುವ ಬಲ, ಅಷ್ಟೇ ಹಿಗ್ಗಿಸಿದಾಗಿನ ಬಲಕ್ಕಿಂತ ಜಾಸ್ತಿ. ಹೋಗುವಾಗ ಒಂದು ಥರ, ಬರುವಾಗ ಒಂದು ಥರ ಆದರೆ ಎರಡು ಪಟ್ಟಿನ ದನಿ ಹುಟ್ಟುತ್ತದೆ. ಇದಕ್ಕೆ ಮದ್ದಿದೆ. ಪ್ರತಿ ಸ್ವೀಪ್ ಆದ ಮೇಲೂ ಎಲ್ಲಿ ತಪ್ಪಿತು ಅಂತ ನೋಡಿ, ಮುಂದಿನ ಸ್ವೀಪಿಗೆ ಮೋಟರಿಗೆ ಕೊಡುವ ಕರೆಂಟನ್ನು ಅಷ್ಟೇ ಉಲ್ಟಾ ತಿದ್ದುವುದು. ತಬಲ ಕಲಿಯುವವನು ಒಂದೇ ಠೇಕಾವನ್ನು ಮತ್ತೆ ಮತ್ತೆ ನುಡಿಸಿ ಸರಿ ಮಾಡಿಕೊಳ್ಳುವ ಹಾಗೆ. ಹತ್ತಿಪ್ಪತ್ತು ಸಲ ಆಗುವಷ್ಟರಲ್ಲಿ ಆ ಗೆರೆ ಸುಮಾರು ಅಳಿಸಿಹೋಯಿತು.

ಅಳಿಸದೆ ಉಳಿದದ್ದು ಮೇಲಿನ ಪರದೆ. 300 ಹರ್ಟ್ಸ್‌ನಿಂದ 2000 ದಾಟಿ, ಪೂರ್ತಿ ಉದ್ದಕ್ಕೆ, ಬಾಚಣಿಗೆಯ ಹಲ್ಲಿನ ಹಾಗೆ ನೆಟ್ಟಗಿನ ಗೆರೆಗಳು. ಇದು ಹೊಡೆತದ ಗುರುತು. ಏರ್‌ಗನ್ನಿನಲ್ಲಿ ಏನು ಬೇಡ ಅಂತ ಹೊರಟಿದ್ದೆವೋ ಅದೇ ನಮ್ಮ ಯಂತ್ರದಲ್ಲಿ ಸಣ್ಣ ರೂಪದಲ್ಲಿ ಕೂತಿತ್ತು. ಏರ್‌ಗನ್ನಿಗೆ ಹೋಲಿಸಿದರೆ ಇದು ತೀರಾ ಸಣ್ಣದು, ಬಿಡಿ ಅಂದವರಿದ್ದರು. ನನಗೆ ಒಪ್ಪಿಗೆಯಾಗಲಿಲ್ಲ. ಏರ್‌ಗನ್ ಹತ್ತು ಸೆಕೆಂಡಿಗೊಮ್ಮೆ ಹೊಡೆದು ಸುಮ್ಮನಾಗುತ್ತದೆ. ನಮ್ಮದು ಸುಮ್ಮನಾಗುವುದೇ ಇಲ್ಲ. ಆ ಟಕಟಕ ದಿನವಿಡೀ ನೀರಿನಲ್ಲಿದ್ದರೆ, ಮೀನು ಮತ್ತು ಡಾಲ್ಫಿನ್‌ಗಳ ಸಣ್ಣ ಸದ್ದುಗಳನ್ನು ಅದು ಮುಚ್ಚಿಹಾಕಬಹುದು.

ಮೊದಲು ಕರೆಂಟಿನ ಡ್ರೈವ್ ಮೇಲೆ ಅನುಮಾನ ಬಂತು. ಮೋಟರಿಗೆ ಕರೆಂಟ್ ಕೊಡುವ ಪೆಟ್ಟಿಗೆ ತುಂಡು ತುಂಡಾಗಿ ಕೊಡುತ್ತದೆ, ಅದರ ಗುಂಯ್ ಅನ್ನುವ ಸದ್ದು ಇರಬಹುದು ಅಂತ ಫಿಲ್ಟರ್ ಹಾಕಿದೆವು. ಬದಲಾಗಲಿಲ್ಲ. ಗಾಳಿಯ ಪೈಪ್ ಫ್ರೇಮಿಗೆ ತಾಗುತ್ತಿದೆಯೇನೋ ಅಂತ ಎಲ್ಲ ಪೈಪಿಗೂ ರಬ್ಬರ್ ಸುತ್ತಿದೆವು. ಬದಲಾಗಲಿಲ್ಲ. ನೇತುಹಾಕಿದ ಸರಪಳಿಯ ಕೊಂಡಿಗಳು ಅಂತ ಸರಪಳಿ ತೆಗೆದು ನೈಲಾನ್ ಹಗ್ಗ ಹಾಕಿದೆವು. ಸ್ವಲ್ಪ ಕಮ್ಮಿಯಾದ ಹಾಗೆ ಕಂಡಿತು, ಮಾರನೆ ದಿನ ನೋಡಿದರೆ ಅಷ್ಟೇ ಇತ್ತು. ಬಾಡಿಗೆ ಬಾರ್ಜಿನ ದಿನಗಳು ಮುಗಿದವು. ಯಂತ್ರವನ್ನು ಎತ್ತಿ ವರ್ಕ್‌ಶಾಪಿಗೆ ತಂದೆವು.

ನೀರಿಲ್ಲದೆ, ಬೆಂಚಿನ ಮೇಲೆ, ಒಂದೆರಡು ಮಿಲಿಮೀಟರ್ ಮಾತ್ರ ಸರಿಯುವ ಹಾಗೆ ಮೆಲ್ಲಗೆ ಓಡಿಸಿದೆವು. ಸಂವೇದಕಗಳನ್ನು ಮೈತುಂಬ ಅಂಟಿಸಿದ್ದರೂ ಎಲ್ಲ ಕಡೆಯಿಂದಲೂ ಅದೇ ಟಕಟಕ. ಕಬ್ಬಿಣದಲ್ಲಿ ಸದ್ದು ಅಷ್ಟು ಬೇಗ ಓಡುತ್ತದೆ. ಆಗ ನನಗೆ ಕುಮಟಾದ ಒಂದು ಗ್ಯಾರೇಜ್ ನೆನಪಾಯಿತು. ಚಿಕ್ಕವನಿದ್ದಾಗ ಅಲ್ಲಿ ನೋಡಿದ್ದೆ. ಮೇಸ್ತ್ರಿ ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ಒತ್ತಿ, ಹಿಡಿಕೆಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ, ಕಣ್ಣು ಮುಚ್ಚಿಕೊಂಡು ನಿಲ್ಲುತ್ತಿದ್ದರು. ಯಾವ ಬೇರಿಂಗ್ ಹೋಗಿದೆ ಅಂತ ಹೇಳಿಬಿಡುತ್ತಿದ್ದರು.

ನಾನೂ ಹಾಗೇ ಮಾಡಿದೆ. ಡ್ರಮ್ಮಿನ ಮೈಗೆ ಇಟ್ಟೆ, ಮಂದ ಸದ್ದು. ಕಾಯಿಲ್ ಹತ್ತಿರ, ಮಂದ. ಪಿಸ್ಟನ್ ನೆಟ್ಟಗೆ ಹೋಗಲಿ ಅಂತ ಹಾಕಿದ್ದ ಗೈಡ್ ಬೇರಿಂಗ್ ಇರುವ ಕಡೆ ಇಟ್ಟಾಗ ಸದ್ದು ಚೂಪಾಯಿತು. ಉಗುರಿನಿಂದ ಸ್ಟೀಲ್ ಲೋಟ ತಟ್ಟಿದ ಹಾಗೆ. ಕಣ್ಣು ಮುಚ್ಚಿ ಎಣಿಸಿದೆ. ಪಿಸ್ಟನ್ ಒಂದು ಸುತ್ತು ಹೋಗಿ ಬರುವಷ್ಟರಲ್ಲಿ ಎರಡು ಟಕ್. ಹೊರಗಿನ ತುದಿಯಲ್ಲಿ ಒಂದು, ಒಳಗಿನ ತುದಿಯಲ್ಲಿ ಒಂದು. ದಿಕ್ಕು ಬದಲಾಗುವ ಜಾಗ.

ಬೇರಿಂಗಿನಲ್ಲಿ ಆಟ ಇತ್ತು. ಕಣ್ಣಿಗೆ ಕಾಣುವಷ್ಟಲ್ಲ, ಕೂದಲೆಳೆಗಿಂತ ಕಮ್ಮಿ. ಡ್ರಾಯಿಂಗಿನಲ್ಲಿ ಬಿಟ್ಟಿದ್ದ ಅಳತೆಯೊಳಗೇ ಇತ್ತು, ಹಾಗಾಗಿ ಮಾಡಿಕೊಟ್ಟವರ ತಪ್ಪಲ್ಲ. ಬೇರಿಂಗ್ ಜಾರಬೇಕಾದರೆ ಒಂದಿಷ್ಟು ಸಂದು ಬೇಕೇ ಬೇಕು. ಪಿಸ್ಟನ್ ದಿಕ್ಕು ಬದಲಾಯಿಸಿದಾಗ ಅಷ್ಟು ತೂಕ ಆ ಸಂದು ದಾಟಿ ಈ ಗೋಡೆಯಿಂದ ಆ ಗೋಡೆಗೆ ಬಡಿಯುತ್ತಿತ್ತು. ಬಿಗಿ ಮಾಡಿದರೆ ಹಿಡಿದುಕೊಳ್ಳುತ್ತದೆ, ಸಡಿಲ ಬಿಟ್ಟರೆ ಬಡಿಯುತ್ತದೆ. ಜಾರುವ ಭಾಗ ಇರುವವರೆಗೂ ಟಕಟಕ ಇರುತ್ತದೆ ಅನ್ನುವುದು ಅವತ್ತು ಮನಸ್ಸಿಗೆ ನಾಟಿತು.

ಹಾಗಾಗಿ ಜಾರುವ ಭಾಗವನ್ನೇ ತೆಗೆದೆವು. ಅದರ ಜಾಗಕ್ಕೆ ಫ್ಲೆಕ್ಷರ್ ಹಾಕಿದೆವು. ತೆಳು ಸ್ಟೀಲ್ ತಟ್ಟೆಗಳು, ಚಕ್ಕುಲಿಯ ಹಾಗೆ ಸುರುಳಿ ಕತ್ತರಿಸಿದವು. ಹೊರ ಅಂಚು ಡ್ರಮ್ಮಿಗೆ, ನಡುವೆ ಪಿಸ್ಟನ್ನಿಗೆ ಬೋಲ್ಟು. ಹಿಂದೆ ಮುಂದೆ ಸುಲಭವಾಗಿ ಬಾಗುತ್ತದೆ, ಅಡ್ಡಕ್ಕೆ ಅಲುಗುವುದಿಲ್ಲ. ಯಾವುದೂ ಯಾವುದಕ್ಕೂ ಉಜ್ಜುವುದಿಲ್ಲ, ಬಡಿಯುವುದಿಲ್ಲ. ಬರೀ ಲೋಹ ಬಾಗುತ್ತದೆ. ಆದರೆ 36 ಮಿಲಿಮೀಟರ್ ಬಾಗುವುದು ಸಣ್ಣ ಮಾತಲ್ಲ. ಸುರುಳಿ ಎಷ್ಟು ಉದ್ದ, ತಟ್ಟೆ ಎಷ್ಟು ತೆಳು, ಎಷ್ಟು ತಟ್ಟೆ ಒಂದರ ಹಿಂದೆ ಒಂದು, ಇದನ್ನು ಹೊಂದಿಸಲು ಏಪ್ರಿಲ್ ಪೂರ್ತಿ ಹೋಯಿತು.

ಜುಲೈಯಲ್ಲಿ ಮತ್ತೆ ಫ್ಯೋರ್ಡಿಗೆ ಹೋದೆವು. ಈ ಸಲ ಬೇಸಿಗೆ, ರಾತ್ರಿ ಹತ್ತಕ್ಕೂ ಬೆಳಕು. ಯಂತ್ರ ಚಾಲೂ ಮಾಡುವ ಮೊದಲು ಒಂದು ಗಂಟೆ ನಾಲ್ಕೂ ದಿಕ್ಕಿಗೆ ದುರ್ಬೀನಿನಲ್ಲಿ ನೋಡುತ್ತಿದ್ದೆವು. 500 ಮೀಟರ್ ಒಳಗೆ ತಿಮಿಂಗಿಲವೋ ಪೊರ್ಪಸ್ಸೋ ಕಂಡರೆ ಶುರು ಮಾಡುವ ಹಾಗಿಲ್ಲ. ಶುರು ಮಾಡಿದರೂ ಇಪ್ಪತ್ತು ನಿಮಿಷ ಮೆಲ್ಲಮೆಲ್ಲಗೆ ಏರಿಸಬೇಕು, ದೂರ ಹೋಗುವವಕ್ಕೆ ಸಮಯ ಸಿಗಲಿ ಅಂತ. ಇದು ಬ್ರಿಟನ್ನಿನಲ್ಲಿ ಏರ್‌ಗನ್‌ಗೆ ಇರುವ ನಿಯಮ. ನಾವು ನಾವಾಗಿಯೇ ಪಾಲಿಸಿದೆವು. ಎರಡನೇ ದಿನ ಪೊರ್ಪಸ್ ಒಂದು ಕಪ್ಪು ಬೆನ್ನು ತೋರಿಸಿ ಮುಳುಗಿತು. ಅವತ್ತು ಬೆಳಿಗ್ಗೆ ಎರಡು ಗಂಟೆ ಸುಮ್ಮನೆ ಕಾದೆವು. ಯಾರೂ ಗೊಣಗಲಿಲ್ಲ.

ಆಮೇಲೆ ಪೂರ್ತಿ ಬಲದಲ್ಲಿ 6 ಹರ್ಟ್ಸ್ ಓಡಿಸಿದೆವು. ಪರದೆಯಲ್ಲಿ ಅದೇ ಶಿಖರ. ಹೆಡ್‌ಫೋನ್ ಹಾಕಿಕೊಂಡೆ. ನೀರಿನ ಗುಳುಗುಳು. ದೂರದಲ್ಲಿ ಒಂದು ಫೆರಿಯ ಇಂಜಿನ್. ನಮ್ಮ ಯಂತ್ರ ಓಡುತ್ತಿದೆಯೋ ನಿಂತಿದೆಯೋ ಅಂತ ಕಿವಿಗೆ ಗೊತ್ತಾಗಲಿಲ್ಲ. ಹೆಡ್‌ಫೋನನ್ನು ಪಕ್ಕದವಳಿಗೆ ಕೊಟ್ಟೆ. ಅವಳು ಒಂದು ನಿಮಿಷ ಕೇಳಿ, ಏನೂ ಮಾತಾಡದೆ ನನ್ನ ಭುಜ ಒತ್ತಿದಳು. ಸ್ಪೆಕ್ಟ್ರೋಗ್ರಾಮಿನಲ್ಲಿ ಆ ಬಾಚಣಿಗೆ ಇರಲಿಲ್ಲ. ಮೇಲಿನ ಭಾಗದಲ್ಲಿ ಉಳಿದದ್ದು ಫ್ಯೋರ್ಡಿನದೇ ಗದ್ದಲ.

ಇದರಿಂದ ಎಲ್ಲ ಸರಿಹೋಯಿತು ಅಂತ ನಾನು ಹೇಳುವುದಿಲ್ಲ. ನೀಲಿ ತಿಮಿಂಗಿಲ, ಫಿನ್ ತಿಮಿಂಗಿಲ ಇವು ಮಾತಾಡುವುದೇ ಕಡಿಮೆ ಹರ್ಟ್ಸ್‌ನಲ್ಲಿ. ನಮ್ಮ ಸ್ವೀಪ್ ಅವುಗಳ ದನಿಯ ಜಾಗದಲ್ಲೇ ಕೂರುತ್ತದೆ. ಒಂದೇ ಏಟಿನ ಜೋರು ಇಲ್ಲ, ಆದರೆ ಹೊತ್ತು ಜಾಸ್ತಿ. ಇದಕ್ಕೆ ಎಷ್ಟು ಕಮ್ಮಿ ಬಲದಲ್ಲಿ ಕೆಲಸ ಮುಗಿಸಬಹುದು ಅಂತ ನೋಡಬೇಕು, ಅವು ಓಡಾಡುವ ಕಾಲ ಬಿಟ್ಟು ಬೇರೆ ಕಾಲದಲ್ಲಿ ಸರ್ವೇ ಮಾಡಬೇಕು. ಎಣ್ಣೆ ಹುಡುಕುವ ಕೆಲಸಕ್ಕೆ ಯಾಕೆ ಇಷ್ಟು ಒದ್ದಾಡುತ್ತೀಯ ಅಂತ ಗೆಳೆಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ನೆಲದೊಳಗೆ ನೋಡುವ ಅಗತ್ಯ ಎಣ್ಣೆಯ ಜೊತೆ ಮುಗಿಯುವುದಿಲ್ಲ. ನಾರ್ವೆಯ ಸ್ಲೈಪ್ನರ್ ಅನ್ನುವ ಸಮುದ್ರದ ಅನಿಲ ಕ್ಷೇತ್ರದಲ್ಲಿ 1996ರಿಂದ ಕಾರ್ಬನ್ ಡೈಆಕ್ಸೈಡನ್ನು ಸಮುದ್ರದ ತಳದ ಕೆಳಗೆ ತುಂಬುತ್ತಾ ಬಂದಿದ್ದಾರೆ. ಅದು ಅಲ್ಲೇ ಇದೆಯಾ, ಸೋರುತ್ತಿದೆಯಾ ಅಂತ ವರ್ಷಗಳ ಅಂತರದಲ್ಲಿ ಮತ್ತೆ ಮತ್ತೆ ಸೈಸ್ಮಿಕ್, ಅಂದರೆ ಇದೇ ಥರದ ಸದ್ದಿನ ಸರ್ವೇ, ಮಾಡಿ ನೋಡಬೇಕು. ಅದಕ್ಕೂ ಇದೇ ಸದ್ದು ಬೇಕು. ಪ್ರತಿ ಸಲವೂ ಒಂದೇ ಥರದ ಸದ್ದು ಬೇಕು, ಅದು ವೈಬ್ರೇಟರಿಗೆ ಏರ್‌ಗನ್ನಿಗಿಂತ ಚೆನ್ನಾಗಿ ಸಾಧ್ಯ.

ಈಗ ಉಳಿದಿರುವುದು ಬಾಳಿಕೆ. ಇಲ್ಲೇ ಹಳೆಯ ವೈಬ್ರೇಟರ್‌ಗಳು ಸೋತದ್ದು, ಏರ್‌ಗನ್ ಗೆದ್ದದ್ದು. ಏರ್‌ಗನ್ ದಿನಕ್ಕೆ ಎಂಟು ಸಾವಿರ ಸಲ ಹೊಡೆದರೆ, ನಮ್ಮದು ಸರಾಸರಿ 20 ಹರ್ಟ್ಸ್ ಅಂತ ಹಿಡಿದರೂ ದಿನಕ್ಕೆ 17 ಲಕ್ಷ ಸಲ ಬಾಗುತ್ತದೆ. ನೂರು ದಿನದ ಸರ್ವೇ ಅಂದರೆ 17 ಕೋಟಿ. ಲೋಹಕ್ಕೂ ಸುಸ್ತಾಗುತ್ತದೆ. ಬೆಂಚಿನ ಮೇಲೆ ಫ್ಲೆಕ್ಷರ್‌ಗಳನ್ನು ಮಾತ್ರ ಇಟ್ಟು ಹಗಲು ರಾತ್ರಿ ಬಾಗಿಸುತ್ತಿದ್ದೇವೆ. ಮೊದಲ ಸೆಟ್ಟು ಹನ್ನೊಂದನೇ ರಾತ್ರಿ ಬಿರುಕು ಬಿಟ್ಟಿತು. ನಾವು ಹೆದರಿದ್ದ ಸುರುಳಿಯಲ್ಲಿ ಏನೂ ಆಗಿರಲಿಲ್ಲ. ಬೋಲ್ಟ್ ಬಿಗಿದ ಅಂಚಿನಲ್ಲಿ, ತಟ್ಟೆ ಮತ್ತು ವಾಷರ್ ನಡುವೆ, ಕಂದು ಬಣ್ಣದ ಸಣ್ಣ ಪುಡಿ ಇತ್ತು. ಬೆರಳಿಗೆ ಅಂಟಿತು. ಅಷ್ಟು ಬಿಗಿದಿದ್ದರೂ ಒಳಗೊಳಗೇ ಉಜ್ಜಿಕೊಂಡು ಸವೆದು, ಅಲ್ಲಿಂದ ಬಿರುಕು ಶುರುವಾಗಿತ್ತು. ಅಂಚನ್ನು ದುಂಡು ಮಾಡಿ, ನಡುವೆ ತೆಳು ಪಾಲಿಮರ್ ಹಾಳೆ ಹಾಕಿ, ಎರಡನೇ ಸೆಟ್ಟು ಕೂರಿಸಿದೆವು.

ಕಳೆದ ವಾರ ಮಾವನಿಗೆ ಫೋನ್ ಮಾಡಿದ್ದೆ. ಅವರಿಗೆ ಈಗ ಎಪ್ಪತ್ತೆರಡು, ದೋಣಿಗೆ ಹೋಗುವುದಿಲ್ಲ. ಯಂತ್ರದ ಕಥೆ ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: "ಬಂಗಡೆ ಓಡೋದಿಲ್ವಾ?" ಸಮುದ್ರದಲ್ಲಿ ಮೀನಿನ ಮೇಲೆ ಇನ್ನೂ ಪರೀಕ್ಷೆ ಮಾಡಿಲ್ಲ, ಬಾಳಿಕೆ ಪಾಸಾದ ಮೇಲೆ ಅದೇ ಮುಂದಿನ ಕೆಲಸ ಅಂದೆ. "ಅದನ್ನ ನೋಡಿ ಆಮೇಲೆ ಹೇಳು" ಅಂದರು.

ನಿನ್ನೆ ಸಂಜೆ ವರ್ಕ್‌ಶಾಪಿನಿಂದ ಹೊರಡುವಾಗ ಕೌಂಟರ್ 4 ಕೋಟಿ 12 ಲಕ್ಷ ತೋರಿಸುತ್ತಿತ್ತು. ಬೋಲ್ಟಿನ ಅಂಚಿನಲ್ಲಿ ಬೆರಳಾಡಿಸಿ ನೋಡಿದೆ. ಪುಡಿ ಇರಲಿಲ್ಲ.